ಹೊಟ್ಟೆ ಕೆಳಗಿನ ಐದು ಬಾಗಿಲು: ಒಂದು ಹಳೇ ಕಂಪ್ಯೂಟರಿನ ಲೆಕ್ಕ

📷 1/10

ನಿಮ್ಮ ಫೋನ್ ತಿರುಗಿಸಿ ನೋಡಿ. ಕೆಳಗಡೆ ಒಂದೇ ಒಂದು ತೂತು. ಚಾರ್ಜರ್ ಹಾಕೋದು ಅದಕ್ಕೇ, ಪೆನ್‌ಡ್ರೈವ್ ಹಾಕೋದು ಅದಕ್ಕೇ. ಇಯರ್‌ಫೋನ್ ತೂತು ಹೋಗಿ ಎಷ್ಟೋ ವರ್ಷ ಆಯ್ತು.

ಈಗ ಫೋಟೊ ನೋಡಿ. ಇದು ಬಿಬಿಸಿ ಮೈಕ್ರೋ. 1981ರ ಡಿಸೆಂಬರ್‌ನಲ್ಲಿ ಇಂಗ್ಲೆಂಡ್‌ನಲ್ಲಿ ಬಂದ ಮನೆ-ಶಾಲೆ ಕಂಪ್ಯೂಟರ್. ಮಗುಚಿ ಹಾಕಿ ತೆಗೆದಿರೋ ಫೋಟೊ ಇದು. ಕೀಬೋರ್ಡಿನ ಕೆಳಗೆ, ಹೊಟ್ಟೆಯ ಭಾಗದಲ್ಲಿ, ಸಾಲಾಗಿ ಐದು ಸಾಕೆಟ್: ಡಿಸ್ಕ್ ಡ್ರೈವ್, ಪ್ರಿಂಟರ್, ಯೂಸರ್ ಪೋರ್ಟ್, ಒಂದು ಮೆಗಾಹರ್ಟ್ಸ್ ಬಸ್, ಕೊನೆಗೆ ಟ್ಯೂಬ್. ಪಕ್ಕದಲ್ಲಿ ಹೊರಗಿನ ಸಾಧನಕ್ಕೆ ಕರೆಂಟ್ ಕೊಡೋಕೆ ಅಂತಲೇ ಇನ್ನೊಂದು. ಬೆನ್ನ ಹಿಂದೆ ಟಿವಿಗೆ, ಮಾನಿಟರ್‌ಗೆ, ಟೇಪ್ ರೆಕಾರ್ಡರ್‌ಗೆ, ಜಾಯ್‌ಸ್ಟಿಕ್‌ಗೆ, ಮೋಡೆಮ್‌ಗೆ, ನೆಟ್‌ವರ್ಕ್‌ಗೆ ಬೇರೆ ಬೇರೆ.

ಒಳಗಿದ್ದ ಮೆಮೊರಿ ಎಷ್ಟು ಗೊತ್ತಾ? 32 ಕೆಬಿ. ನೀವು ವಾಟ್ಸಾಪ್‌ನಲ್ಲಿ ಕಳಿಸೋ ಒಂದು ಫೋಟೊ ಕೂಡ ಹಿಡಿಯಲ್ಲ.

ಇಷ್ಟು ಸಣ್ಣ ಯಂತ್ರಕ್ಕೆ ಇಷ್ಟೊಂದು ತೂತು ಯಾಕೆ? ಒಂದೊಂದು ಸಾಕೆಟ್ಟಿಗೂ ದುಡ್ಡು ಬೇಕು, ಅದರ ಹಿಂದೆ ಚಿಪ್ ಬೇಕು, ಬೋರ್ಡ್ ಮೇಲೆ ಜಾಗ ಬೇಕು. ಕೊಂಡವರಲ್ಲಿ ಬಹಳ ಜನ ಅರ್ಧಕ್ಕರ್ಧ ಸಾಕೆಟ್ ಮುಟ್ಟಿಯೇ ಇಲ್ಲ. ನಮ್ಮ ಕಾಸ್ಟಿಂಗ್ ಪುಸ್ತಕ ಇದನ್ನ ಐಡಲ್ ಕೆಪಾಸಿಟಿ ಅಂತ ಬರೆದು ನಷ್ಟದ ಕಡೆ ತಳ್ಳಿಬಿಡುತ್ತೆ.

ಆದರೆ ಆ ಐದರಲ್ಲಿ ಒಂದು ಬಾಗಿಲಿಂದ ಬಂದದ್ದು ಈಗ ನಿಮ್ಮ ಕೈಯಲ್ಲೇ ಇದೆ. ಆ ಕಥೆ 9ನೇ ಭಾಗದಲ್ಲಿ. ಅಲ್ಲಿಗೆ ಹಾರಿಹೋಗ್ಬೇಡಿ, ಮಧ್ಯದ ಲೆಕ್ಕ ಗೊತ್ತಿಲ್ದೆ ಅದರ ರುಚಿ ಹತ್ತಲ್ಲ 🙏

📷 2/10

ಮೊದಲು, ಈ ಯಂತ್ರಕ್ಕೆ ಟಿವಿ ಚಾನೆಲ್ ಹೆಸರು ಯಾಕೆ ಬಂತು?

1980ರ ಸುಮಾರಿಗೆ ಬ್ರಿಟನ್‌ನಲ್ಲಿ ಒಂದು ಭಯ ಹುಟ್ಟಿತ್ತು: ಮೈಕ್ರೋಚಿಪ್ ಬಂದು ಎಲ್ಲರ ಕೆಲಸ ತಿಂದುಹಾಕುತ್ತೆ. (ಹೌದು, ಈಗ ಎಐ ಬಗ್ಗೆ ನಾವು ಮಾತಾಡ್ತಿರೋ ಥರಾನೇ.) ಬಿಬಿಸಿ ಒಂದು ಯೋಜನೆ ಹಾಕಿಕೊಳ್ತು. ಟಿವಿಯಲ್ಲಿ ಜನಕ್ಕೆ ಕಂಪ್ಯೂಟರ್ ಹೇಳಿಕೊಡೋಣ, ನೋಡಿದ್ದನ್ನ ಮನೇಲಿ ಮಾಡಿ ನೋಡೋಕೆ ಒಂದು ಯಂತ್ರವೂ ಸಿಗಲಿ ಅಂತ. ಪಾಠದಲ್ಲಿ ಏನೇನು ಬರಬೇಕೋ ಅದೆಲ್ಲ ಯಂತ್ರದಲ್ಲೂ ಇರಬೇಕು: ಬಣ್ಣ, ಶಬ್ದ, ಪ್ರಿಂಟರ್, ನೆಟ್‌ವರ್ಕ್, ಹೊರಗಿನ ಸಾಧನ ನಿಯಂತ್ರಿಸೋದು. ತೂತುಗಳ ಪಟ್ಟಿ ಶುರುವಾಗಿದ್ದೇ ಇಲ್ಲಿ. ಅದನ್ನ ಬರೆದವರು ಯಂತ್ರ ಮಾರೋರಲ್ಲ, ಪಾಠ ಮಾಡೋರು. ಈ ಮಾತು ನೆನಪಿಟ್ಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಗುತ್ತಿಗೆಗೆ ಹಲವು ಕಂಪನಿ ಹಿಂದೆ ಬಿದ್ದಿದ್ವು. ಅದರಲ್ಲಿ ಕೇಂಬ್ರಿಡ್ಜ್‌ನ ಏಕಾರ್ನ್ ಒಂದು. ಬಿಬಿಸಿಯವರು ಬರೋ ಶುಕ್ರವಾರದ ಹೊತ್ತಿಗೆ ಮಾದರಿ ಯಂತ್ರ ಸಿದ್ಧ ಇರಬೇಕಿತ್ತು. ಕಂಪನಿಯ ಹರ್ಮನ್ ಹೌಸರ್ ಏನು ಮಾಡಿದ್ರು ಗೊತ್ತಾ? ಸ್ಟೀವ್ ಫರ್ಬರ್‌ಗೆ ಫೋನ್ ಮಾಡಿ "ಸೋಫಿ ಆಗುತ್ತೆ ಅಂದಿದ್ದಾರೆ" ಅನ್ನೋ ಅರ್ಥದಲ್ಲಿ ಹೇಳಿದ್ರು. ಸೋಫಿ ವಿಲ್ಸನ್‌ಗೆ ಫೋನ್ ಮಾಡಿ ಸ್ಟೀವ್ ಒಪ್ಪಿದ್ದಾರೆ ಅಂದ್ರು. ಇಬ್ಬರೂ ಒಪ್ಪಿಯೇ ಇರಲಿಲ್ಲ! ಒಂದೇ ವಾರ, ಹಗಲು ರಾತ್ರಿ ಕೆಲಸ.

ಶುಕ್ರವಾರ ಬೆಳಗ್ಗೆಯಾದರೂ ಯಂತ್ರ ಓಡ್ತಿಲ್ಲ. ಪರೀಕ್ಷೆ ಮಾಡೋಕೆ ಅಂತ ಅದನ್ನ ಇನ್ನೊಂದು ಕಂಪ್ಯೂಟರಿಗೆ ಕೇಬಲ್‌ನಿಂದ ಜೋಡಿಸಿದ್ರು. ಹೌಸರ್, ಆ ಹೊಕ್ಕುಳಬಳ್ಳಿ ಕತ್ತರಿಸಿ, ತಾನೇ ಓಡಲಿ ಬಿಡಿ ಅಂದ್ರು. ಕೇಬಲ್ ತೆಗೆದ್ರು. ಓಡಿತು. ಜೋಡಣೆಗೇ ಹೆಸರಾದ ಯಂತ್ರ ಮೊದಲು ಉಸಿರಾಡಿದ್ದು ಕೇಬಲ್ ಕಿತ್ತ ಮೇಲೆ 😄

📷 3/10

ಈಗ ಬೆನ್ನಿಗೆ ಬರೋಣ. ಫೋಟೊದಲ್ಲಿ ಎಡಗಡೆಯಿಂದ ನೋಡ್ತಾ ಹೋಗಿ.

ಆಗ ಬಹಳ ಮನೆಗಳಲ್ಲಿ ಪ್ರೋಗ್ರಾಂ ಉಳಿಸಿಡ್ತಿದ್ದದ್ದು ಕ್ಯಾಸೆಟ್ಟಿನಲ್ಲಿ. ಹೌದು, ಹಾಡು ಕೇಳೋ ಅದೇ ಕ್ಯಾಸೆಟ್ಟು. ಕಂಪ್ಯೂಟರು ಸೊನ್ನೆ-ಒಂದನ್ನ ಎರಡು ಬಗೆಯ ಸ್ವರ ಮಾಡಿ ಟೇಪಿಗೆ ಕಳಿಸ್ತಿತ್ತು, ವಾಪಸ್ ಓದುವಾಗ ಆ ಸ್ವರ ಕೇಳಿ ಬಿಡಿಸಿಕೊಳ್ತಿತ್ತು. ವೇಗ ಸೆಕೆಂಡಿಗೆ 1200 ಬಿಟ್. ಟೇಪ್ ಸರಿ ಇಲ್ಲ ಅಂದ್ರೆ 300ಕ್ಕೆ ಇಳಿಸಬಹುದಿತ್ತು. 20 ಕೆಬಿ ಆಟ ಒಂದನ್ನ ತುಂಬಿಸೋಕೆ 1200ರ ವೇಗದಲ್ಲೂ ಎರಡು ನಿಮಿಷಕ್ಕಿಂತ ಜಾಸ್ತಿ ಕಾಯಬೇಕು. ಟೀ ಕುಡಿದು ಬರಬಹುದು.

ಇಲ್ಲಿ ಒಂದು ಜಾಣತನ ಇದೆ. ಕ್ಯಾಸೆಟ್ಟಿನ ಸಾಕೆಟ್ಟಿಗೆ 7 ಪಿನ್ನು. ಶಬ್ದಕ್ಕೆ ಅಷ್ಟು ಬೇಡ. ಉಳಿದದ್ದರಲ್ಲಿ ಎರಡು, ಟೇಪ್ ರೆಕಾರ್ಡರಿನ ಮೋಟರ್‌ಗೆ. ಯಂತ್ರದ ಒಳಗೆ ಒಂದು ಪುಟ್ಟ ರಿಲೇ. ಓದಬೇಕಾದಾಗ "ಟಕ್" ಅಂತ ಮೋಟರ್ ಶುರು, ಮುಗಿದ ಮೇಲೆ "ಟಕ್" ಅಂತ ಬಂದ್. ಸಾಮಾನ್ಯ ಟೇಪ್ ರೆಕಾರ್ಡರ್ ಸಾಕಾಗ್ತಿತ್ತು. ಅದೇ ಕಾಲದ ಕಮೊಡೋರ್ 64 ನೋಡಿ, ಅದಕ್ಕೆ ಕಮೊಡೋರ್‌ನದೇ ಆದ ಟೇಪ್ ಯಂತ್ರ ಬೇಕಿತ್ತು. ಮನೇಲಿರೋದನ್ನೇ ಜೋಡಿಸ್ಕೊಳ್ಳೋದು ಒಂದು ದಾರಿ, ನಮ್ಮದನ್ನೇ ಕೊಂಡ್ಕೊಳ್ಳಿ ಅನ್ನೋದು ಇನ್ನೊಂದು. ನಿಮಗೆ ಗೊತ್ತಿರೋ ಎಷ್ಟೋ ಫೋನ್ ಚಾರ್ಜರ್ ಜಗಳಗಳ ಮೂಲ ಇದೇ.

ಎಲ್ಲವೂ ಜಾಣತನವೇ ಅಂದ್ಕೋಬೇಡಿ. ಮೋಡೆಮ್ ಜೋಡಿಸೋ ಸಾಕೆಟ್ಟಿಗೆ 5 ಪಿನ್ನು, ಡೊಮಿನೋ ಬಿಲ್ಲೆ ಮೇಲಿನ ಐದರ ಚುಕ್ಕಿ ಥರ. ಹಾಗಾಗಿ ಪ್ಲಗ್ಗನ್ನ ತಲೆಕೆಳಗಾಗಿ ಚುಚ್ಚಿದ್ರೂ ನೆಟ್ಟಗೆ ಕೂತ್ಕೊಳ್ಳುತ್ತೆ, ಕೆಲಸ ಮಾತ್ರ ಮಾಡಲ್ಲ. ಹಳೇ ಯುಎಸ್‌ಬಿಯನ್ನ ಮೂರು ಸಲ ತಿರುಗಿಸಿ ಹಾಕಿದ ನೋವು ನಮ್ಮ ಪೀಳಿಗೆಯದ್ದು ಮಾತ್ರ ಅಲ್ಲ 😭

📷 4/10

ಹೊಟ್ಟೆ ಕೆಳಗಿನ ಬಾಗಿಲುಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು. ಹೆಸರೇ ಯೂಸರ್ ಪೋರ್ಟ್. ಅಂದ್ರೆ ಬಳಸೋರ ಬಾಗಿಲು. ಇದಕ್ಕೆ ಏನು ಜೋಡಿಸಬೇಕು ಅಂತ ಕಂಪನಿ ಹೇಳಲೇ ಇಲ್ಲ. ನಿಮಗೆ ಏನು ಬೇಕೋ ಅದು.

ಕೆಲಸ ಮಾಡೋ ರೀತಿ ಸರಳ. ಒಟ್ಟು 8 ತಂತಿ. ಒಂದೊಂದರಲ್ಲೂ ವೋಲ್ಟೇಜ್ ಇದೆ ಅಥವಾ ಇಲ್ಲ. ಮೆಮೊರಿಯ ಒಂದು ವಿಳಾಸಕ್ಕೆ ಒಂದು ಸಂಖ್ಯೆ ಬರೆದ್ರೆ ಯಾವ ತಂತಿ ಒಳಗಿಂದ ಹೊರಕ್ಕೆ, ಯಾವುದು ಹೊರಗಿಂದ ಒಳಕ್ಕೆ ಅಂತ ತೀರ್ಮಾನ. 255 ಬರೆದ್ರೆ ಎಂಟೂ ಹೊರಕ್ಕೆ. ಪಕ್ಕದ ಇನ್ನೊಂದು ವಿಳಾಸಕ್ಕೆ 1 ಬರೆದ್ರೆ ಮೊದಲ ತಂತಿಗೆ ಜೋಡಿಸಿದ ಎಲ್‌ಇಡಿ ಹತ್ತುತ್ತೆ. 0 ಬರೆದ್ರೆ ಆರುತ್ತೆ. ಬೇಸಿಕ್ ಭಾಷೆಯಲ್ಲಿ ಎರಡೇ ಸಾಲು. ಎಂಟನೇ ಕ್ಲಾಸಿನ ಮಗು ಬರೆಯಬಹುದು. ಬರೆದ್ರು ಕೂಡ. ಟ್ರಾಫಿಕ್ ಸಿಗ್ನಲ್ ಮಾಡಿದ್ರು, ಮೋಟರ್ ತಿರುಗಿಸಿದ್ರು, ಬಿಬಿಸಿ ಬಗ್ಗಿ ಅನ್ನೋ ಪುಟ್ಟ ಗಾಡಿ ಓಡಿಸಿದ್ರು.

ಹಿಂದಿದ್ದ ಅನಲಾಗ್ ಸಾಕೆಟ್ ಇದರ ಜೊತೆಗಾರ. ಯೂಸರ್ ಪೋರ್ಟ್‌ಗೆ ಇದೆ-ಇಲ್ಲ ಅಷ್ಟೇ ಗೊತ್ತು. ಅನಲಾಗ್‌ಗೆ "ಎಷ್ಟಿದೆ" ಅಂತ ಗೊತ್ತು. ನಾಲ್ಕು ಚಾನೆಲ್. ಆಟದ ಜಾಯ್‌ಸ್ಟಿಕ್‌ಗೆ ಅಂತ ಇಟ್ಟದ್ದು ನಿಜ, ಆದ್ರೆ ವಿಜ್ಞಾನದ ಮೇಷ್ಟ್ರುಗಳ ಕಣ್ಣಿಗೆ ಬೇರೆಯದೇ ಕಾಣಿಸ್ತು. ಬಿಸಿಯಾದ್ರೆ ಪ್ರತಿರೋಧ ಬದಲಾಗೋ ಥರ್ಮಿಸ್ಟರ್ ಜೋಡಿಸಿ, ಬಿಸಿನೀರು ಆರುವಾಗ ತಾಪಮಾನದ ಗ್ರಾಫ್ ಪರದೆ ಮೇಲೆ ತಾನಾಗೇ ಮೂಡೋ ಥರ ಮಾಡಬಹುದಿತ್ತು.

ಆಟದ ಸಾಕೆಟ್ಟು ಪ್ರಯೋಗಶಾಲೆ ಸೇರ್ತು. ಮಾಡಿದವರು ಒಂದಕ್ಕೆ ಅಂತ ಇಡ್ತಾರೆ, ಬಳಸೋರು ಇನ್ನೊಂದಕ್ಕೆ ಎಳ್ಕೊಂಡು ಹೋಗ್ತಾರೆ.

📷 5/10

ಸಾಧನ ಜೋಡಿಸೋದು ಅಂದ್ರೆ ತಂತಿ ಮಾತ್ರ ಅಲ್ಲ. ಎರಡೂ ಕಡೆಯವರು ಒಂದೇ ಭಾಷೆ ಮಾತಾಡಬೇಕು. ಬಿಬಿಸಿ ಮೈಕ್ರೋದ ನಿಜವಾದ ಜಾಣತನ ಇಲ್ಲಿದೆ. ಸ್ವಲ್ಪ ನಿಧಾನಕ್ಕೆ ಓದಿ.

ಪ್ರೋಗ್ರಾಂ ತುಂಬಿಸೋಕೆ ಇದ್ದ ಆಜ್ಞೆ ಒಂದೇ: ಲೋಡ್. ಎಲ್ಲಿಂದ ತುಂಬಿಸಬೇಕು ಅನ್ನೋದನ್ನ ಬೇರೆಯಾಗಿ, ಮೊದಲೇ ಹೇಳಿಬಿಡಬೇಕು. ನಕ್ಷತ್ರ ಚಿಹ್ನೆ ಹಾಕಿ "ಟೇಪ್" ಅಂದ್ರೆ ಕ್ಯಾಸೆಟ್ಟು. "ಡಿಸ್ಕ್" ಅಂದ್ರೆ ಫ್ಲಾಪಿ. "ನೆಟ್" ಅಂದ್ರೆ ನೆಟ್‌ವರ್ಕ್. ಆಮೇಲೆ ಎಲ್ಲದಕ್ಕೂ ಅದೇ ಲೋಡ್, ಅದೇ ಸೇವ್. ನೀವು ಬರೆದ ಪ್ರೋಗ್ರಾಂಗೆ ತಾನು ಮಾತಾಡ್ತಿರೋದು ಯಾರ ಹತ್ತಿರ ಅಂತ ಗೊತ್ತಿರಬೇಕಾಗಿಲ್ಲ.

ಬ್ಯಾಂಕಿನಲ್ಲಿ ಚೆಕ್ ಕೊಟ್ಟ ಹಾಗೆ ಅಂದ್ಕೊಳ್ಳಿ. ನೀವು ಚೀಟಿ ಬರೆದು ಕೌಂಟರಿನಲ್ಲಿ ಕೊಡ್ತೀರಿ, ಒಳಗೆ ತಿಜೋರಿ ಯಾವ ಕೋಣೆಯಲ್ಲಿದೆ ಅಂತ ಕೇಳಲ್ಲ. ನಾಳೆ ತಿಜೋರಿ ಬದಲಾಯಿಸಿದ್ರೂ ನಿಮ್ಮ ಚೆಕ್ ನಡೆಯುತ್ತೆ.

ಆದ್ರೆ ಒಂದು ಶರತ್ತು. ಕೌಂಟರಿನಿಂದಲೇ ಹೋಗಬೇಕು. ಕೆಲವು ಆಟ ಬರೆಯೋರು ವೇಗ ಬೇಕು ಅಂತ ಕೌಂಟರ್ ಬಿಟ್ಟು ನೇರ ಒಳಗೆ ನುಗ್ಗಿ, ಪರದೆಯ ಮೆಮೊರಿಗೇ ಕೈ ಹಾಕ್ತಿದ್ರು. ಆಗ ಚೆನ್ನಾಗೇ ಓಡ್ತಿತ್ತು. ಹೊಸ ಸಾಧನ ಬಂದಾಗ ಕೈಕೊಡ್ತಿತ್ತು. ಕಂಪನಿಯ ಕೈಪಿಡಿ ಕೌಂಟರಿನಿಂದ ಬನ್ನಿ ಅಂತಲೇ ಹೇಳ್ತಿತ್ತು. ಯಾಕೆ ಅನ್ನೋದು 8ನೇ ಭಾಗದಲ್ಲಿ ಗೊತ್ತಾಗುತ್ತೆ.

ನೆಟ್‌ವರ್ಕ್ ಅಂದ್ನಲ್ಲ, ಅದರ ಹೆಸರು ಇಕೋನೆಟ್. ಅಗ್ಗದ ಕೇಬಲ್ ಎಳೆದು, ಲ್ಯಾಬಿನ ಎಲ್ಲಾ ಕಂಪ್ಯೂಟರಿಗೂ ಒಂದೇ ಡಿಸ್ಕ್ ಡ್ರೈವ್, ಒಂದೇ ಪ್ರಿಂಟರ್ ಹಂಚಬಹುದು. ಡ್ರೈವ್ ಆಗ ತುಂಬಾ ದುಬಾರಿ. ಹತ್ತು ಕಂಪ್ಯೂಟರಿಗೆ ಹತ್ತು ಡ್ರೈವ್ ಕೊಳ್ಳೋದಕ್ಕಿಂತ ಒಂದನ್ನ ಹಂಚಿಕೊಳ್ಳೋದು ಶಾಲೆಗೆ ಎಷ್ಟು ಉಳಿತಾಯ ಅಂತ ನಿಮಗೆ ನಾನು ಹೇಳಬೇಕಾ?

📷 6/10

ನಾಲ್ಕನೇ ಬಾಗಿಲು: ಒಂದು ಮೆಗಾಹರ್ಟ್ಸ್ ಬಸ್. ಹೆಸರು ಕೇಳಿ ಓಡಬೇಡಿ.

ಯಂತ್ರದ ಪ್ರೊಸೆಸರ್ ಓಡ್ತಿದ್ದದ್ದು 2 ಮೆಗಾಹರ್ಟ್ಸ್ ವೇಗದಲ್ಲಿ. ಆಗಿನ ಎಷ್ಟೋ ಹೊರಗಿನ ಚಿಪ್‌ಗಳು ಅದರ ಅರ್ಧ ವೇಗದವು. ಹಾಗಾಗಿ ಈ ಬಾಗಿಲಿಗೆ ಬಂದಾಗ ಪ್ರೊಸೆಸರ್ ತನ್ನ ಹೆಜ್ಜೆ ನಿಧಾನ ಮಾಡಿ ಜೊತೆಗೆ ನಡೀತಿತ್ತು, ಆಮೇಲೆ ಮತ್ತೆ ತನ್ನ ವೇಗ. ಅಜ್ಜಿ ಕೈ ಹಿಡ್ಕೊಂಡು ದೇವಸ್ಥಾನದ ಮೆಟ್ಟಿಲು ಹತ್ತೋ ಮೊಮ್ಮಗನ ಥರ. ಹೊರಗಿನ ಸಾಧನಗಳಿಗೆ ಅಂತ ಮೆಮೊರಿಯಲ್ಲಿ ಬಿಟ್ಟ ಜಾಗಗಳಿಗೆ ಎಂಜಿನಿಯರುಗಳು ಫ್ರೆಡ್, ಜಿಮ್ ಅಂತ ಹೆಸರಿಟ್ರು. ಯಂತ್ರದ ಒಳಗಿನದಕ್ಕೆ ಶೀಲಾ. ಸುಳ್ಳಲ್ಲ, ಕೈಪಿಡಿಯಲ್ಲೇ ಇದೆ 😂

ಈ ಬಾಗಿಲಿಗೆ ಜೋಡಿಸಬಹುದಾಗಿದ್ದ ಒಂದು ಪೆಟ್ಟಿಗೆಯ ಹೆಸರು ಟೆಲಿಟೆಕ್ಸ್ಟ್ ಅಡಾಪ್ಟರ್. ಅದಕ್ಕೆ ಟಿವಿ ಆಂಟೆನಾ ಚುಚ್ಚಿ. ಟಿವಿ ಸಿಗ್ನಲ್‌ನಲ್ಲಿ ಚಿತ್ರ ಕಾಣದ ಕೆಲವು ಗೆರೆಗಳು ಇರ್ತವೆ. ಬಿಬಿಸಿ ಅದರಲ್ಲಿ ಸೀಫ್ಯಾಕ್ಸ್ ಅನ್ನೋ ಸುದ್ದಿ-ಹವಾಮಾನ ಪುಟಗಳನ್ನ ಕಳಿಸ್ತಿತ್ತು. 1983ರಿಂದ ಅದೇ ದಾರಿಯಲ್ಲಿ ಕಂಪ್ಯೂಟರ್ ಪ್ರೋಗ್ರಾಂಗಳನ್ನೂ ಕಳಿಸೋಕೆ ಶುರು ಮಾಡ್ತು. ಅಂದ್ರೆ ಗಾಳಿಯಲ್ಲಿ ಬಂದ ಸಾಫ್ಟ್‌ವೇರ್ ಆಂಟೆನಾದಿಂದ ನೇರ ನಿಮ್ಮ ಕಂಪ್ಯೂಟರಿಗೆ. ಡೌನ್‌ಲೋಡ್. 1983ರಲ್ಲಿ. ಇಂಟರ್‌ನೆಟ್ ಇಲ್ಲದ ಮನೆಯಲ್ಲಿ.

ಗಮನಿಸಿ, ಬಸ್ ಸಾಕೆಟ್ ಕೂರಿಸಿದ್ದು 1981ರಲ್ಲಿ. ಆ ಪ್ರಸಾರ ಬಂದದ್ದು ಆಮೇಲೆ. ಬಾಗಿಲು ಮೊದಲೇ ಇತ್ತು, ಅತಿಥಿ ತಡವಾಗಿ ಬಂದ.

📷 7/10

ಬಾಗಿಲು ಇದ್ದ ಮಾತ್ರಕ್ಕೆ ಎಲ್ಲ ಆಗಿಬಿಡುತ್ತಾ? ಇಲ್ಲ. ಎರಡು ಉದಾಹರಣೆ, ಒಂದು ಅವರದ್ದು, ಒಂದು ನಮ್ಮದು.

ಅವರದ್ದು: 1086ರಲ್ಲಿ ಇಂಗ್ಲೆಂಡಿನ ರಾಜ ದೇಶದ ಆಸ್ತಿಯನ್ನೆಲ್ಲ ಬರೆಸಿದ ದಾಖಲೆ ಡೂಮ್ಸ್‌ಡೇ ಬುಕ್. ಅದಕ್ಕೆ 900 ವರ್ಷ ತುಂಬಿದ 1986ರಲ್ಲಿ ಬಿಬಿಸಿ ಹೊಸ ಡೂಮ್ಸ್‌ಡೇ ಮಾಡ್ತು. ಶಾಲಾ ಮಕ್ಕಳು ಸೇರಿ ಹತ್ತು ಲಕ್ಷಕ್ಕೂ ಹೆಚ್ಚು ಜನ ತಮ್ಮ ಊರಿನ ಬಗ್ಗೆ ಬರೆದು, ಫೋಟೊ ಕೊಟ್ರು. ಎಲ್ಲ ಲೇಸರ್ ಡಿಸ್ಕ್ ಮೇಲೆ. ಓದೋಕೆ ಬಿಬಿಸಿ ಮೈಕ್ರೋದ ಮುಂದಿನ ಮಾದರಿಯಾದ ಬಿಬಿಸಿ ಮಾಸ್ಟರ್, ಜೊತೆಗೆ ವಿಶೇಷ ಪ್ಲೇಯರ್ ಬೇಕು. ಪ್ಲೇಯರ್ ತುಂಬಾ ದುಬಾರಿ, ಕೊಂಡವರು ಕಡಿಮೆ. 15 ವರ್ಷದಲ್ಲಿ ಅದನ್ನ ಓದಬಲ್ಲ ಯಂತ್ರ ಹುಡುಕೋದೇ ಕಷ್ಟವಾಯ್ತು. ಚರ್ಮದ ಹಾಳೆ ಮೇಲಿನ 900 ವರ್ಷದ ಬರಹ ಈಗಲೂ ಓದಬಹುದು! ಸಂಶೋಧಕರು ಬಹಳ ಕಷ್ಟಪಟ್ಟು ಹೊಸ ದತ್ತಾಂಶ ಉಳಿಸಿದ್ರು.

ನಮ್ಮದು: 1984ರಲ್ಲಿ ಭಾರತ ಸರ್ಕಾರ ಶಾಲೆಗಳಿಗೆ ಕಂಪ್ಯೂಟರ್ ಕೊಡೋ "ಕ್ಲಾಸ್" ಯೋಜನೆ ಶುರು ಮಾಡ್ತು. ಮೊದಲ ಹಂತದಲ್ಲಿ ಸುಮಾರು 250 ಶಾಲೆ. ಬಂದ ಯಂತ್ರ ಇದೇ ಬಿಬಿಸಿ ಮೈಕ್ರೋ. ಆಮೇಲೆ ಪಂಜಾಬಿನ ಸರ್ಕಾರಿ ಚಿಪ್ ಕಂಪನಿ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಇದನ್ನ ಯೂನಿಕಾರ್ನ್ ಅನ್ನೋ ಹೆಸರಲ್ಲಿ ತಂತು. ಐದು ಬಾಗಿಲೂ ಜೊತೆಗೇ ಬಂದ್ವು. ಆದ್ರೆ ಸಾಫ್ಟ್‌ವೇರ್ ಬಹುಪಾಲು ಬ್ರಿಟನ್ ಮಕ್ಕಳಿಗೆ ಬರೆದದ್ದು. ಮೇಷ್ಟ್ರುಗಳಿಗೆ ಸಿಕ್ಕ ತರಬೇತಿ ಸಾಲಲಿಲ್ಲ ಅಂತ ಆಮೇಲಿನ ಮೌಲ್ಯಮಾಪನಗಳಲ್ಲಿ ಬಂತು. ಯೂಸರ್ ಪೋರ್ಟ್‌ನ ಎಂಟು ತಂತಿಗೆ ಏನು ಜೋಡಿಸಬಹುದು ಅಂತ ಹೇಳೋರೇ ಇಲ್ಲದಿದ್ರೆ ಅದು ಬರೀ ತೂತು. ಬಾಗಿಲಿನ ಆಚೆಗೆ ಮನುಷ್ಯರು ಬೇಕು.

📷 8/10

ಈಗ ಲೆಕ್ಕ. ಕಾಮರ್ಸ್‌ನವರು ಎದ್ದು ಕೂತ್ಕೊಳ್ಳಿ.

ಮಾಡೆಲ್ ಬಿ ಬೆಲೆ ಮೊದಲು 335 ಪೌಂಡ್ ಅಂತ ಹೇಳಿದ್ರು, ಸ್ವಲ್ಪ ದಿನದಲ್ಲೇ 399ಕ್ಕೆ ಏರಿಸಿದ್ರು. 1982ರ ಏಪ್ರಿಲ್‌ನಲ್ಲಿ ಎದುರಾಳಿ ಸಿಂಕ್ಲೇರ್ ತಂದ ಸ್ಪೆಕ್ಟ್ರಂ, 48 ಕೆಬಿಯದ್ದು, 175 ಪೌಂಡ್. ಅದರಲ್ಲಿ ಟಿವಿಗೆ ಒಂದು, ಟೇಪಿಗೆ ಎರಡು ತೂತು, ಹಿಂದೆ ಬೋರ್ಡಿನ ಅಂಚನ್ನೇ ಹೊರಗೆ ಬಿಟ್ಟಿದ್ದ ಒಂದು ಜಾಗ. ಮಿಕ್ಕದ್ದು ಬೇಕಾದ್ರೆ ಆಮೇಲೆ ಕೊಂಡ್ಕೊಳ್ಳಿ. ಜನ ಯಾವುದು ಕೊಂಡ್ರು? ಬಿಬಿಸಿ ಮೈಕ್ರೋ ಒಟ್ಟು ಸುಮಾರು 15 ಲಕ್ಷ ಮಾರಾಟ ಆದ್ರೆ ಸ್ಪೆಕ್ಟ್ರಂ ಸುಮಾರು 50 ಲಕ್ಷ.

ಹಾಗಾದ್ರೆ 399 ಕೊಟ್ಟವರು ಯಾರು? ಹೆಚ್ಚಾಗಿ ಶಾಲೆಗಳು. ಶಾಲೆ ಕಂಪ್ಯೂಟರ್ ಕೊಂಡ್ರೆ ಅರ್ಧ ದುಡ್ಡು ಸರ್ಕಾರ ಕೊಡೋ ಯೋಜನೆ ಇತ್ತು. ಖಾಲಿ ಸಾಕೆಟ್‌ಗಳ ಖರ್ಚಿನಲ್ಲಿ ಒಂದು ಪಾಲು ತೆರಿಗೆ ದುಡ್ಡು.

ಏಕಾರ್ನ್ ಕೂಡ ಅಗ್ಗದ ದಾರಿ ಹಿಡಿದು ನೋಡ್ತು. 1983ರಲ್ಲಿ 199 ಪೌಂಡಿಗೆ ಎಲೆಕ್ಟ್ರಾನ್ ಅನ್ನೋ ತಮ್ಮನನ್ನ ತಂತು. ಐದು ಬಾಗಿಲೂ ಮಾಯ, ಹಿಂದೆ ಒಂದೇ ಕನೆಕ್ಟರ್. ಪ್ರಿಂಟರ್ ಬೇಕಾ? ಪ್ಲಸ್ 1 ಅನ್ನೋ ಪೆಟ್ಟಿಗೆ ಕೊಂಡ್ಕೊಳ್ಳಿ. ಆ ವರ್ಷದ ಕ್ರಿಸ್‌ಮಸ್‌ಗೆ ಚಿಪ್ ಸಿಗದೆ ಬೇಡಿಕೆ ಇದ್ದಷ್ಟು ಮಾಡೋಕಾಗಲಿಲ್ಲ. ಮುಂದಿನ ಕ್ರಿಸ್‌ಮಸ್‌ಗೆ ರಾಶಿ ಮಾಡಿಟ್ರು, ಮಾರುಕಟ್ಟೆ ಬಿದ್ದುಹೋಗಿತ್ತು. ಸುಮಾರು ಎರಡೂವರೆ ಲಕ್ಷ ಯಂತ್ರ ಗೋಡೌನಿನಲ್ಲಿ. 1985ರ ಫೆಬ್ರವರಿಯಲ್ಲಿ ಇಟಲಿಯ ಒಲಿವೆಟ್ಟಿ ಸುಮಾರು 1.2 ಕೋಟಿ ಪೌಂಡಿಗೆ ಕಂಪನಿಯ 49% ಪಾಲು ತಗೊಂಡ್ತು.

ಇಲ್ಲಿಗೆ ಪುಸ್ತಕ ಮುಚ್ಚಿದ್ರೆ ತೀರ್ಪು ಸ್ಪಷ್ಟ: ತೂತು ಜಾಸ್ತಿ ಇಟ್ಟವರು ಮುಳುಗಿದ್ರು. ಆದ್ರೆ ಐದನೇ ಬಾಗಿಲು ನಾವಿನ್ನೂ ತೆಗೆದೇ ಇಲ್ಲ.

ಟ್ಯೂಬ್. 40 ಪಿನ್ನು. ಇದಕ್ಕೆ ಜೋಡಿಸಬೇಕಾದದ್ದು ಇನ್ನೊಂದು ಪ್ರೊಸೆಸರ್. ಹೌದು, ಕಂಪ್ಯೂಟರಿಗೆ ಹೊರಗಿಂದ ಎರಡನೇ ಮಿದುಳು. ಲೆಕ್ಕವೆಲ್ಲ ಹೊಸ ಮಿದುಳು ಮಾಡುತ್ತೆ. ಹಳೆಯದು ಕೀಬೋರ್ಡ್, ಪರದೆ, ಡಿಸ್ಕ್ ನೋಡ್ಕೊಳ್ಳುತ್ತೆ. ಕೌಂಟರಿನಿಂದ ಹೋದ ಪ್ರೋಗ್ರಾಂಗಳು ಹೊಸ ಮಿದುಳಿನ ಮೇಲೂ ಓಡಿದ್ವು. ನೇರ ಒಳಗೆ ನುಗ್ಗಿದ್ದವು ಬಿದ್ವು.

📷 9/10

1983. ಏಕಾರ್ನ್‌ಗೆ ಮುಂದಿನ ಕಂಪ್ಯೂಟರಿಗೆ ಹೊಸ ಪ್ರೊಸೆಸರ್ ಬೇಕಿತ್ತು. ಮಾರುಕಟ್ಟೆಯಲ್ಲಿ ಇದ್ದವು ಇಷ್ಟವಾಗಲಿಲ್ಲ. ಅವುಗಳನ್ನೆಲ್ಲ ಟ್ಯೂಬ್‌ಗೆ ಜೋಡಿಸಿ ಪರೀಕ್ಷೆ ಮಾಡೋ ಸೌಕರ್ಯ ಇವರಿಗೆ ಇದ್ದೇ ಇತ್ತು. ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್, 2ನೇ ಭಾಗದ ಅದೇ ಇಬ್ಬರು, ಅಮೆರಿಕದ ಫೀನಿಕ್ಸ್‌ನಲ್ಲಿ ಒಂದು ಪ್ರೊಸೆಸರ್ ಕಂಪನಿ ನೋಡೋಕೆ ಹೋದ್ರು. ದೊಡ್ಡ ಕಾರ್ಖಾನೆ ಇರುತ್ತೆ ಅಂತ ಹೋದವರಿಗೆ ಸಿಕ್ಕಿದ್ದು ಸಣ್ಣ ಮನೆಯಂಥ ಜಾಗ, ಬೆರಳೆಣಿಕೆಯ ಜನ. ಇವರು ಮಾಡಬಲ್ಲರಾದ್ರೆ ನಾವೂ ಮಾಡಬಹುದು ಅನ್ನೋ ಧೈರ್ಯ ಬಂತು.

ಸಣ್ಣ ತಂಡ, ಸಣ್ಣ ಬಜೆಟ್. ಅದಕ್ಕೇ ಚಿಪ್ಪನ್ನೂ ಸರಳ ಇಟ್ರು. ಸುಮಾರು 25,000 ಟ್ರಾನ್ಸಿಸ್ಟರ್ ಅಷ್ಟೇ. ಚಿಪ್ ಹೇಗೆ ನಡೆದುಕೊಳ್ಳಬೇಕು ಅನ್ನೋದರ ಮಾದರಿಯನ್ನ ಬಿಬಿಸಿ ಬೇಸಿಕ್‌ನಲ್ಲೇ ಬರೆದ್ರು. ಮಕ್ಕಳು ಎಲ್‌ಇಡಿ ಹತ್ತಿಸ್ತಿದ್ದ ಅದೇ ಭಾಷೆ.

1985ರ ಏಪ್ರಿಲ್ 26. ಮೊದಲ ಚಿಪ್ ತಯಾರಾಗಿ ಬಂತು. ಬಂದ ದಿನವೇ ಓಡಿತು. ಎಲ್ಲಿ ಓಡಿತು? ಕಂಪ್ಯೂಟರೇ ಇಲ್ಲದ ಪ್ರೊಸೆಸರ್‌ಗೆ ಕೀಬೋರ್ಡ್ ಎಲ್ಲಿಂದ, ಪರದೆ ಎಲ್ಲಿಂದ? ಬಿಬಿಸಿ ಮೈಕ್ರೋದ ಹೊಟ್ಟೆ ಕೆಳಗಿನ ಐದನೇ ಬಾಗಿಲಿಗೆ ಜೋಡಿಸಿದ್ರು. ಹೊಸ ಕಂಪ್ಯೂಟರ್ ಪೂರ್ತಿ ಕಟ್ಟುವವರೆಗೆ ಕಾಯಬೇಕಾಗಲಿಲ್ಲ. ಮಿಕ್ಕದ್ದೆಲ್ಲ ಹಳೆಯ ಯಂತ್ರ ನೋಡ್ಕೊಂಡ್ತು.

ಚಿಪ್ ಎಷ್ಟು ಕರೆಂಟ್ ತಿನ್ನುತ್ತೆ ಅಂತ ಮೀಟರ್ ಇಟ್ಟು ನೋಡಿದ್ರೆ ಸೊನ್ನೆ! ಆಮೇಲೆ ಗೊತ್ತಾಯ್ತು, ಬೋರ್ಡಿನಲ್ಲಿ ಚಿಪ್‌ನ ಪವರ್ ತಂತಿ ಜೋಡಣೆಯೇ ಆಗಿರಲಿಲ್ಲ. ಬೇರೆ ಸಿಗ್ನಲ್ ತಂತಿಗಳಿಂದ ಸೋರಿ ಬರ್ತಿದ್ದ ಕರೆಂಟಿನಲ್ಲೇ ಅದು ಓಡ್ತಿತ್ತು. ಅಷ್ಟು ಕಡಿಮೆ ಸಾಕಾಗಿತ್ತು ಅದಕ್ಕೆ.

ಆ ಚಿಪ್‌ನ ಹೆಸರು ಏಕಾರ್ನ್ ರಿಸ್ಕ್ ಮಷೀನ್. ಮೊದಲಕ್ಷರ ಸೇರಿಸಿ: ಆರ್ಮ್.

ನಿಮ್ಮ ಕೈಯಲ್ಲಿರೋ ಫೋನ್ ಆಂಡ್ರಾಯ್ಡ್ ಆಗಲಿ, ಐಫೋನ್ ಆಗಲಿ, ಅದರ ಪ್ರೊಸೆಸರ್ ಆರ್ಮ್ ವಂಶದ್ದೇ. ಕಡಿಮೆ ಕರೆಂಟ್ ತಿನ್ನೋ ಅದೇ ಗುಣ ಬ್ಯಾಟರಿ ಮೇಲೆ ಓಡೋ ಸಾಧನಗಳಿಗೆ ವರ ಆಯ್ತು. ಆ ಪ್ರೊಸೆಸರ್‌ನ ಅಜ್ಜ ಮೊದಲು ಕಣ್ಣು ಬಿಟ್ಟದ್ದು ಒಂದು ಶಾಲಾ ಕಂಪ್ಯೂಟರಿಗೆ ಹೊರಗಿನಿಂದ ಜೋಡಿಸಿದ ಸಾಧನವಾಗಿ. ಅದು ಕಂಪನಿ ಪಾಲು ಮಾರಿದ ಎರಡೇ ತಿಂಗಳಿಗೆ.

📷 10/10

ಲೆಕ್ಕ ಮುಗಿಸೋಣ.

1990ರ ನವೆಂಬರ್‌ನಲ್ಲಿ ಏಕಾರ್ನ್, ಆಪಲ್, ವಿಎಲ್‌ಎಸ್‌ಐ ಸೇರಿ ಆರ್ಮ್ ಅನ್ನ ಬೇರೆ ಕಂಪನಿ ಮಾಡಿದ್ರು. ಶುರುವಿನಲ್ಲಿ 12 ಎಂಜಿನಿಯರುಗಳು. ಚಿಪ್ ತಾವೇ ಮಾಡದೆ, ವಿನ್ಯಾಸದ ಪರವಾನಗಿ ಮಾರೋ ವ್ಯವಹಾರ. 2016ರಲ್ಲಿ ಜಪಾನಿನ ಸಾಫ್ಟ್‌ಬ್ಯಾಂಕ್ ಅದನ್ನ ಕೊಂಡ ಬೆಲೆ ಸುಮಾರು 2,400 ಕೋಟಿ ಪೌಂಡ್. ಒಲಿವೆಟ್ಟಿ ಕೊಟ್ಟ 1.2 ಕೋಟಿಯ ಪಕ್ಕದಲ್ಲಿ ಇಟ್ಟು ನೋಡಿ. ಆ ಹೊತ್ತಿಗೆ ಏಕಾರ್ನ್ ಅನ್ನೋ ಹಳೇ ಕಂಪನಿ ಇರಲೇ ಇಲ್ಲ, ಶತಮಾನ ಮುಗಿಯೋ ಮೊದಲೇ ಚೂರಾಗಿತ್ತು. ಇಂದು ಆರ್ಮ್‌ನ ಎಂಜಿನಿಯರುಗಳು ನಮ್ಮ ಬೆಂಗಳೂರಿನಲ್ಲೂ ಕೂತು ಕೆಲಸ ಮಾಡ್ತಿದ್ದಾರೆ.

ಟ್ಯೂಬ್ ಇಲ್ದಿದ್ರೆ ಆರ್ಮ್ ಹುಟ್ತಾನೇ ಇರಲಿಲ್ಲ ಅಂತ ನಾನು ಹೇಳಲ್ಲ. ಬೇರೆ ಹೇಗಾದ್ರೂ ಪರೀಕ್ಷೆ ಮಾಡ್ತಿದ್ರೇನೋ. ಆದ್ರೆ ದುಡ್ಡೂ ಜನವೂ ಇಲ್ಲದ ಆ ಸಣ್ಣ ತಂಡಕ್ಕೆ ಸಿದ್ಧವಾಗಿದ್ದ ಬಾಗಿಲು ಎಷ್ಟು ಹಗುರ ಮಾಡ್ತು ಅನ್ನೋದು ನಿಜ.

ನನಗೆ ಕಾಡೋದು ಬೇರೆ. ಖಾಲಿ ಸಾಕೆಟ್ಟಿನ ಖರ್ಚು ಅದೇ ವರ್ಷದ ಪುಸ್ತಕದಲ್ಲಿ ಬೀಳುತ್ತೆ. ಅದರ ಆದಾಯ ಹತ್ತಾರು ವರ್ಷ ಬಿಟ್ಟು, ಇನ್ಯಾರದೋ ಪುಸ್ತಕದಲ್ಲಿ ಕಾಣಿಸುತ್ತೆ. ಖರ್ಚು ಮಾಡಿದವರಿಗೆ ಲಾಭ ಬರೋದು ಖಚಿತ ಇಲ್ಲ. ಅದಕ್ಕೇ ಬರೀ ಈ ವರ್ಷದ ಲಾಭ ನೋಡೋ ಯಾವ ಕಂಪನಿಯೂ ಗ್ರಾಹಕ ಇನ್ನೂ ಕೇಳದ ಬಾಗಿಲು ಇಡಲ್ಲ. ಬಿಬಿಸಿ ಮೈಕ್ರೋದಲ್ಲಿ ಅಷ್ಟು ಬಾಗಿಲು ಬಂದದ್ದಕ್ಕೆ ಕೇಳಿದವರು ಪಾಠ ಮಾಡೋರು, ಕೊಂಡವರು ಶಾಲೆಗಳು, ಅರ್ಧ ಕೊಟ್ಟವರು ತೆರಿಗೆದಾರರು ಅನ್ನೋದೂ ಒಂದು ಕಾರಣ. ಸಾರ್ವಜನಿಕ ದುಡ್ಡಿನಲ್ಲಿ ಏನನ್ನಾದ್ರೂ ಕೊಳ್ಳುವಾಗ, ಲ್ಯಾಬ್ ಆಗಲಿ, ಗ್ರಂಥಾಲಯ ಆಗಲಿ, ಅತಿ ಕಡಿಮೆ ಟೆಂಡರ್ ಯಾರದ್ದು ಅನ್ನೋದರ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಬೇಕು: ನಾವು ಯೋಚಿಸದೇ ಇರೋದನ್ನ ನಾಳೆ ಒಂದು ಮಗು ಇದಕ್ಕೆ ಜೋಡಿಸಬಹುದಾ?

ಐಡಲ್ ಕೆಪಾಸಿಟಿ ಅಂತ ಪರೀಕ್ಷೆಯಲ್ಲಿ ಬರೆಯೋಣ, ಮಾರ್ಕ್ಸ್ ಬೇಕಲ್ಲ. ಆದ್ರೆ ಎಲ್ಲಾ ಖಾಲಿ ಜಾಗವೂ ದಂಡ ಅಲ್ಲ ಅಂತ ತಲೇಲಿ ಇಟ್ಕೊಂಡಿರೋಣ.

ಕೊನೆಗೆ ನಿಮಗೊಂದು ಕೆಲಸ. 80ರ ದಶಕದಲ್ಲಿ ಹೈಸ್ಕೂಲ್ ಓದಿದ ಅಥವಾ ಪಾಠ ಮಾಡಿದ ಯಾರಾದ್ರೂ ನಿಮ್ಮ ಮನೇಲಿ, ಬೀದಿಯಲ್ಲಿ ಇದ್ರೆ ಕೇಳಿ: ನಿಮ್ಮ ಶಾಲೆಗೆ ಕೆಂಪು ಕೀಗಳ ಸಾಲಿದ್ದ ತಿಳಿ ಬಣ್ಣದ ಕಂಪ್ಯೂಟರ್ ಬಂದಿತ್ತಾ? ಅದನ್ನ ಮುಟ್ಟೋಕೆ ಬಿಡ್ತಿದ್ರಾ, ಬೀಗ ಹಾಕಿಡ್ತಿದ್ರಾ? ಉತ್ತರ ಕಾಮೆಂಟ್‌ನಲ್ಲಿ ಬರೀರಿ. ಒಳ್ಳೆಯವು ಸಿಕ್ರೆ ಅವರ ಒಪ್ಪಿಗೆ ತಗೊಂಡು ಮುಂದಿನ ಸರಣಿ ಅದರ ಮೇಲೇ ಮಾಡ್ತೀನಿ.

ಸೇವ್ ಮಾಡ್ಕೊಳ್ಳಿ, ಕಾಸ್ಟಿಂಗ್ ಕ್ಲಾಸಲ್ಲಿ ನಿದ್ದೆ ಬರೋ ಗೆಳೆಯರಿಗೆ ಕಳಿಸಿ 💛❤️

#ಹಳೇಕಂಪ್ಯೂಟರ್ #ಬಿಬಿಸಿಮೈಕ್ರೋ #ಇತಿಹಾಸಕನ್ನಡದಲ್ಲಿ #ಬಿಕಾಂಬಳಗ #ಕನ್ನಡದಲ್ಲಿತಂತ್ರಜ್ಞಾನ